ಅಗ್ಗದ ಕಾಲೇಜು ದುಬಾರಿಯಾಗುವುದು ಎಲ್ಲಿ?

ಕ್ಯಾಲಿಫೋರ್ನಿಯಾದ ಸರ್ಕಾರಿ ಕಮ್ಯೂನಿಟಿ ಕಾಲೇಜಿನಲ್ಲಿ ಆ ರಾಜ್ಯದ ನಿವಾಸಿಯೊಬ್ಬರು ಒಂದು ಯೂನಿಟ್‌ಗೆ ಕಟ್ಟುವ ಶುಲ್ಕ 46 ಡಾಲರ್. 2012ರ ಬೇಸಿಗೆಯಲ್ಲಿ ನಿಗದಿಯಾದ ದರ ಇದು; ಅಲ್ಲಿಂದೀಚೆಗೆ ಬಾಡಿಗೆ, ಹಾಲು, ಪೆಟ್ರೋಲು ಎಲ್ಲವೂ ಏರಿದರೂ ಇದೊಂದು ಕದಲಿಲ್ಲ. ವಾರಕ್ಕೆ ಮೂರು ಗಂಟೆ ಪಾಠದ ಸಾಮಾನ್ಯ ಕೋರ್ಸು ಮೂರು ಯೂನಿಟ್‌ನದು, ಅಂದರೆ 138 ಡಾಲರ್. ವರ್ಷಕ್ಕೆ 30 ಯೂನಿಟ್ ಓದಿದರೆ 1,380 ಡಾಲರ್. ಅದೇ ರಾಜ್ಯದ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ, ಎಲ್ಲರೂ ಯುಸಿ ಎಂದು ಕರೆಯುವ ಸಂಸ್ಥೆಯಲ್ಲಿ, ವರ್ಷದ ಟ್ಯೂಷನ್ 14 ಸಾವಿರ ಡಾಲರ್ ದಾಟುತ್ತದೆ. ಪದವಿಯ ಮೊದಲೆರಡು ವರ್ಷಗಳನ್ನು ಕಮ್ಯೂನಿಟಿ ಕಾಲೇಜಿನಲ್ಲಿ ಓದಿ, ಮೂರನೇ ವರ್ಷಕ್ಕೆ ಯುಸಿಗೆ ವರ್ಗವಾದರೆ ಕೈಗೆ ಬರುವುದು ಅದೇ ಯುಸಿ ಪದವಿ. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಹೆಚ್ಚುಕಡಿಮೆ ಅದೇ ದಾರಿ.

ಲೆಕ್ಕ ಇಷ್ಟು ಸರಳವಾಗಿದ್ದೂ ಸ್ಯಾನ್ ಹೊಸೆ, ಫ್ರೀಮಾಂಟ್, ಕ್ಯುಪರ್ಟಿನೊ ಸುತ್ತಲಿನ ಕನ್ನಡದ ಮನೆಗಳಲ್ಲಿ ಈ ದಾರಿಯ ಮಾತು ಬಂದರೆ ದನಿ ಸ್ವಲ್ಪ ತಗ್ಗುತ್ತದೆ. ಕ್ಯುಪರ್ಟಿನೊದಲ್ಲಿ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನಲ್ಲಿ ಫುಟ್‌ಹಿಲ್, ಸಾಂಟಾ ಕ್ಲಾರಾದಲ್ಲಿ ಮಿಷನ್, ಫ್ರೀಮಾಂಟ್‌ನಲ್ಲಿ ಓಲೋನಿ, ಹೀಗೆ ಕಾಲೇಜುಗಳು ಮನೆಬಾಗಿಲಲ್ಲೇ ಇವೆ. ಆದರೂ ‘ಅಷ್ಟು ಕಡಿಮೆಗೆ ಸಿಗುವುದು ಒಳ್ಳೆಯದಿರಲು ಹೇಗೆ ಸಾಧ್ಯ’ ಎಂಬ ಸಂಶಯ. ಆಪಲ್ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಯುಸಿಯ ಬರ್ಕ್ಲಿ ಕ್ಯಾಂಪಸ್‌ಗೆ ಹೋಗುವ ಮೊದಲು ಓದಿದ್ದು ಇದೇ ಡಿ ಆಂಜಾದಲ್ಲಿ ಎಂದು ಹೇಳಿದರೂ ಸಂಶಯ ಪೂರ್ತಿ ಹೋಗುವುದಿಲ್ಲ.

ನನ್ನ ಸಂಶಯ ಬೇರೆಡೆ ಇದೆ. ಈ ಕಾಲೇಜುಗಳ ಗುಣಮಟ್ಟಕ್ಕಿಂತ ನಾವು ಅವುಗಳ ಖರ್ಚನ್ನು ಅಳೆಯುವ ರೀತಿಯೇ ತಪ್ಪು. ಯೂನಿಟ್‌ಗೆ ಎಷ್ಟು ಎಂದು ಕೇಳಿ ಸುಮ್ಮನಾಗುತ್ತೇವೆ. ಅದು ಒಟ್ಟು ಖರ್ಚಿನ ಅತಿ ಚಿಕ್ಕ ತುಂಡು. ಯಾವ ಯೂನಿಟ್, ಒಟ್ಟು ಎಷ್ಟು, ಎಷ್ಟು ವರ್ಷದಲ್ಲಿ, ಮತ್ತು ಕಾಲೇಜಿನ ಕಡತದಲ್ಲಿ ನೀವು ನಿವಾಸಿಯೋ ಅಲ್ಲವೋ: ಹಣ ಉಳಿಯುವುದೂ ಸೋರುವುದೂ ಇಲ್ಲಿಯೇ.

ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯಟ್‌ನಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾದ ಮೊದಲನೆಯದು 1910ರಲ್ಲಿ ಫ್ರೆಸ್ನೊದಲ್ಲಿ. 1960ರ ಮಾಸ್ಟರ್ ಪ್ಲಾನ್ ಕ್ಯಾಲಿಫೋರ್ನಿಯಾದ ಉನ್ನತ ಶಿಕ್ಷಣವನ್ನು ಮೂರು ಹಂತಗಳಾಗಿ ವಿಂಗಡಿಸಿ, ಕಮ್ಯೂನಿಟಿ ಕಾಲೇಜುಗಳ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟಿತು. 1984ರವರೆಗೆ ಅಲ್ಲಿ ಯೂನಿಟ್ ಶುಲ್ಕವೇ ಇರಲಿಲ್ಲ. 1978ರ ಪ್ರೊಪೊಸಿಷನ್ 13 ಆಸ್ತಿ ತೆರಿಗೆಗೆ ಕಡಿವಾಣ ಹಾಕಿದ ಮೇಲೆ ಕಾಲೇಜುಗಳ ಬೊಕ್ಕಸ ಬರಿದಾಗಿ, ಯೂನಿಟ್‌ಗೆ 5 ಡಾಲರ್ ಶುಲ್ಕ ಬಂತು. ಆಮೇಲಿನ ಏರಿಳಿತಗಳು ರಾಜ್ಯದ ಬಜೆಟ್ಟಿನ ಆರೋಗ್ಯವನ್ನೇ ತೋರಿಸುತ್ತವೆ. 2007ರಲ್ಲಿ ಶುಲ್ಕ 26ರಿಂದ 20ಕ್ಕೆ ಇಳಿದದ್ದೂ ಉಂಟು. ಆರ್ಥಿಕ ಕುಸಿತದ ನಂತರ ಮತ್ತೆ 26, ಆಮೇಲೆ 36, ಕೊನೆಗೆ 46. ಈಗ 116 ಕಾಲೇಜುಗಳು, ಸುಮಾರು ಇಪ್ಪತ್ತು ಲಕ್ಷ ವಿದ್ಯಾರ್ಥಿಗಳು. ದೇಶದಾದ್ಯಂತ ಸ್ಥಳೀಯ ವಿದ್ಯಾರ್ಥಿಗೆ ವರ್ಷಕ್ಕೆ ಸರಾಸರಿ ಸುಮಾರು 4 ಸಾವಿರ ಡಾಲರ್ ತಗಲುವಾಗ ಕ್ಯಾಲಿಫೋರ್ನಿಯಾ ಅದರ ಮೂರನೇ ಒಂದು ಭಾಗದಲ್ಲಿ ಮುಗಿಸುತ್ತದೆ.

ಸೆಮಿಸ್ಟರಿನ ಬಿಲ್ಲು ತೆರೆದಾಗ 46ರ ಗುಣಾಕಾರದ ಕೆಳಗೆ ಇನ್ನಷ್ಟು ಸಾಲುಗಳು ಕಾಣುತ್ತವೆ. ಆರೋಗ್ಯ ಸೇವೆಯ ಶುಲ್ಕ ಸೆಮಿಸ್ಟರಿಗೆ ಇಪ್ಪತ್ತು ಚಿಲ್ಲರೆ ಡಾಲರ್. ವಿದ್ಯಾರ್ಥಿ ಪ್ರತಿನಿಧಿ ಶುಲ್ಕ 2 ಡಾಲರ್, ಬೇಡವೆಂದರೆ ಬರೆದುಕೊಟ್ಟು ತಪ್ಪಿಸಿಕೊಳ್ಳಬಹುದು. ಕೆಲವೆಡೆ ಬಸ್ ಪಾಸಿನ ಶುಲ್ಕ, ಪ್ರಯೋಗಾಲಯದ ಸಾಮಗ್ರಿ, ಕಾರು ತಂದರೆ ಪಾರ್ಕಿಂಗ್ ಪರ್ಮಿಟ್. ಇವೆಲ್ಲ ಸೇರಿ ಬಿಲ್ಲನ್ನು ನೂರು ಡಾಲರ್ ಆಸುಪಾಸು ಏರಿಸಬಹುದು. ಇಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಹೇಳಬೇಕಾದ ಮಾತು ಒಂದೇ: ಡಿ ಆಂಜಾ, ಫುಟ್‌ಹಿಲ್‌ಗಳಲ್ಲಿ ವರ್ಷವನ್ನು ಕ್ವಾರ್ಟರ್‌ಗಳಾಗಿ ಹಂಚಿರುವುದರಿಂದ ಯೂನಿಟ್ ದರ 31 ಡಾಲರ್ ಎಂದು ಕಾಣುತ್ತದೆ. ಅದು ರಿಯಾಯಿತಿಯಲ್ಲ. ಬೇರೆಡೆಯ 60 ಸೆಮಿಸ್ಟರ್ ಯೂನಿಟ್‌ಗೆ ಅಲ್ಲಿ 90 ಕ್ವಾರ್ಟರ್ ಯೂನಿಟ್ ಬೇಕು. ಒಂದು ಕಡೆ 2,760 ಡಾಲರ್, ಇನ್ನೊಂದು ಕಡೆ 2,790. ಬರೀ ದರಪಟ್ಟಿ ಹೋಲಿಸಿ ಕಾಲೇಜು ಆರಿಸಿದವರು ಇಲ್ಲಿ ಮೋಸ ಹೋಗುತ್ತಾರೆ.

ನಿಜವಾದ ಕಂದಕ ಇರುವುದು ನಿವಾಸಿ ಮತ್ತು ನಿವಾಸಿಯಲ್ಲದವರ ನಡುವೆ. ನಿವಾಸಿಯಲ್ಲದವರು 46ರ ಮೇಲೆ ನಾನ್‌ರೆಸಿಡೆಂಟ್ ಟ್ಯೂಷನ್ ಕಟ್ಟಬೇಕು. ಅದನ್ನು ಆಯಾ ಕಾಲೇಜು ಜಿಲ್ಲೆಯೇ ನಿಗದಿ ಮಾಡುತ್ತದೆ. ಹಲವೆಡೆ ಯೂನಿಟ್‌ಗೆ 300 ಡಾಲರ್ ಮೀರಿದೆ. ಒಂದೇ ತರಗತಿ, ಒಂದೇ ಬೆಂಚು, ಒಬ್ಬರಿಗೆ 138 ಡಾಲರ್, ಪಕ್ಕದವರಿಗೆ ಸಾವಿರಕ್ಕೂ ಮೇಲೆ. ಆದ್ದರಿಂದ ಬೇರೆಲ್ಲ ಉಳಿತಾಯದ ಉಪಾಯಗಳಿಗಿಂತ ಮೊದಲು ನೋಡಬೇಕಾದ್ದು ಈ ವರ್ಗೀಕರಣವನ್ನು.

ನಿಯಮ ಸ್ಥೂಲವಾಗಿ ಹೀಗಿದೆ. ಸೆಮಿಸ್ಟರ್ ಶುರುವಾಗುವ ಹಿಂದಿನ ದಿನಕ್ಕೆ ನೀವು ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸವಿರಬೇಕು. ಇಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆ ಇರಬೇಕು. ಮನೆ ಬಾಡಿಗೆ ಕರಾರು, ರಾಜ್ಯದ ಡ್ರೈವಿಂಗ್ ಲೈಸೆನ್ಸ್, ನಿವಾಸಿಯಾಗಿ ಸಲ್ಲಿಸಿದ ರಾಜ್ಯ ತೆರಿಗೆ ರಿಟರ್ನ್, ಇಂಥವು. ಜತೆಗೆ ನಿಮ್ಮ ವೀಸಾ ನೆಲೆಸಲು ಅಡ್ಡಿ ಬರಬಾರದು. ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಇಲ್ಲಿದೆ. ಎಚ್-1ಬಿ ಉದ್ಯೋಗ ವೀಸಾ ಮತ್ತು ಅದನ್ನು ಹೊಂದಿದವರ ಅವಲಂಬಿತರ ಎಚ್-4 ವೀಸಾಗಳನ್ನು ಕ್ಯಾಲಿಫೋರ್ನಿಯಾ ಅಡ್ಡಿಯೆಂದು ಪರಿಗಣಿಸುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಗಂಡನ ಜೊತೆ ಹೋಗಿ, ಕೆಲಸದ ಪರವಾನಗಿಗಾಗಿ ವರ್ಷಗಟ್ಟಲೆ ಕಾಯುವ ಹೆಣ್ಣುಮಕ್ಕಳು ಎಷ್ಟೋ ಇದ್ದಾರೆ. ವರ್ಷ ತುಂಬಿದ ಮೇಲೆ ಅವರು ಅಕೌಂಟಿಂಗೋ, ನರ್ಸಿಂಗಿಗೆ ಬೇಕಾದ ಜೀವಶಾಸ್ತ್ರವೋ, ಮಕ್ಕಳ ಶಿಕ್ಷಣದ ಕೋರ್ಸೋ 46ರ ದರದಲ್ಲೇ ಓದಬಹುದು. ಹೊರದೇಶದ ವಿದ್ಯಾರ್ಥಿ ಎಂದು ಅರ್ಜಿ ತುಂಬಿ, ಎಫ್-1 ವಿದ್ಯಾರ್ಥಿ ವೀಸಾದವರ ದರ ನೋಡಿ ಹೆದರಿ ವಾಪಸಾಗುವುದು ಅನ್ಯಾಯದ ನಷ್ಟ. ಕಾಲೇಜು ಮೊದಲು ನಿವಾಸಿಯಲ್ಲ ಎಂದು ಗುರುತಿಸಿದ್ದರೂ ಅದೇ ಕೊನೆಯ ಮಾತಲ್ಲ. ದಾಖಲೆ ಕೊಟ್ಟು ಮರುವರ್ಗೀಕರಣ ಕೇಳಬಹುದು. ಆದರೆ ಸೆಮಿಸ್ಟರ್ ನಡೆಯುವಾಗ ಅಲ್ಲ, ಅದಕ್ಕೆ ಮುಂಚೆ.

ಎಚ್-4ರಲ್ಲಿ ಬೆಳೆದ ಮಕ್ಕಳಿಗೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. 21 ತುಂಬಿದ ದಿನ ಅವಲಂಬಿತ ವೀಸಾ ಮುಗಿಯುತ್ತದೆ. ಗ್ರೀನ್ ಕಾರ್ಡಿನ ಸರದಿ ಭಾರತೀಯರಿಗೆ ಎಷ್ಟು ಉದ್ದ ಎಂಬುದು ಎಲ್ಲರಿಗೂ ಗೊತ್ತು. ಎಫ್-1ಕ್ಕೆ ಬದಲಾದರೆ ಶುಲ್ಕದ ವರ್ಗವೂ ಬದಲಾಗಬಹುದು. ಹದಿನೆಂಟಕ್ಕೆ ಕಾಲೇಜು ಸೇರುವ ಮಗುವಿಗೆ ಅಲ್ಲಿಗೆ ಮೂರು ವರ್ಷವಷ್ಟೇ ಇರುತ್ತದೆ. ಎರಡು ವರ್ಷದ ಓದನ್ನು ನಿಜಕ್ಕೂ ಎರಡೇ ವರ್ಷದಲ್ಲಿ ಮುಗಿಸುವುದು ಇಂಥ ಮನೆಗಳಲ್ಲಿ ಸೌಕರ್ಯದ ಮಾತಲ್ಲ.

ನಿವಾಸಿ ಎಂದಾದ ಮೇಲೆ ಆ 46 ಡಾಲರನ್ನೂ ಕಟ್ಟಬೇಕಾಗದವರು ಬಹಳ. ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್ ಎಂಬ ಮನ್ನಾ ಯೋಜನೆ ಇದೆ. ಕುಟುಂಬದ ಆದಾಯ ಕೇಂದ್ರದ ಬಡತನ ರೇಖೆಯ ಒಂದೂವರೆ ಪಟ್ಟಿನೊಳಗಿದ್ದರೆ, ಅಥವಾ ಹಣಕಾಸಿನ ಅಗತ್ಯ ಲೆಕ್ಕದಲ್ಲಿ ಸಾಬೀತಾದರೆ, ಯೂನಿಟ್ ಶುಲ್ಕ ಪೂರ್ತಿ ಮಾಫಿ. ಒಂದೇ ಕೋರ್ಸು ಓದುವವರಿಗೂ ಸಿಗುತ್ತದೆ. ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಯೂನಿಟ್ ಶುಲ್ಕವೇ ಇಲ್ಲ. ಸತತ ಎರಡು ಅವಧಿಗಳಲ್ಲಿ ಜಿಪಿಎ 2.0ಕ್ಕಿಂತ ಕೆಳಗಿಳಿದರೆ ಅಥವಾ ತೆಗೆದುಕೊಂಡ ಯೂನಿಟ್‌ಗಳಲ್ಲಿ ಅರ್ಧದಷ್ಟನ್ನೂ ಮುಗಿಸದಿದ್ದರೆ ಈ ಮನ್ನಾ ಕೈತಪ್ಪಬಹುದು. ಇದಲ್ಲದೆ 2017ರ ಎಬಿ 19 ಮತ್ತು 2019ರ ಎಬಿ 2 ಕಾಯ್ದೆಗಳಡಿ, ಮೊದಲ ಬಾರಿಗೆ ಪೂರ್ಣಾವಧಿ ಸೇರಿದವರಿಗೆ ಆದಾಯ ನೋಡದೆಯೇ ಎರಡು ವರ್ಷದ ಶುಲ್ಕ ಬಿಡಲು ಕಾಲೇಜುಗಳಿಗೆ ಅವಕಾಶವಿದೆ. ಹಣವನ್ನು ಹಾಗೆಯೇ ಬಳಸಬೇಕೆಂಬ ಕಡ್ಡಾಯವಿಲ್ಲದ್ದರಿಂದ ಕಾಲೇಜಿನಿಂದ ಕಾಲೇಜಿಗೆ ಪದ್ಧತಿ ಬೇರೆ.

‘ಉಚಿತ ಕಾಲೇಜು’ ಎಂಬ ಘೋಷಣೆ ಅಮೆರಿಕದ ಬೇರೆ ರಾಜ್ಯಗಳಲ್ಲೂ ಕೇಳುತ್ತದೆ. ಒಳಗಿನ ಕಟ್ಟೋಣ ಮಾತ್ರ ಒಂದೇ ಅಲ್ಲ. 2015ರಲ್ಲಿ ಮೊದಲ ತಂಡಕ್ಕೆ ಜಾರಿಯಾದ ಟೆನೆಸಿ ಪ್ರಾಮಿಸ್ ಕೊನೆಯ ಡಾಲರಿನ ಯೋಜನೆ. ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಮೊದಲು ಟ್ಯೂಷನ್‌ಗೆ ಜಮೆಯಾಗುತ್ತದೆ. ಉಳಿದ ಅಂತರವನ್ನಷ್ಟೇ ರಾಜ್ಯ ತುಂಬುತ್ತದೆ. ತೀರ ಬಡ ವಿದ್ಯಾರ್ಥಿಯ ಟ್ಯೂಷನ್ ಪೆಲ್‌ನಲ್ಲೇ ಮುಗಿದುಹೋಗುವುದರಿಂದ ಪ್ರಾಮಿಸ್‌ನಿಂದ ಅವರಿಗೆ ದಕ್ಕುವ ಹಣ ಸೊನ್ನೆ. ಕ್ಯಾಲಿಫೋರ್ನಿಯಾದ್ದು ಮೊದಲ ಡಾಲರಿನ ಯೋಜನೆ, ಶುಲ್ಕ ಮೊದಲೇ ಮಾಫಿಯಾಗುತ್ತದೆ. ಪೆಲ್ ಗ್ರಾಂಟ್, ಈಚಿನ ವರ್ಷಗಳಲ್ಲಿ ಗರಿಷ್ಠ 7,395 ಡಾಲರ್, ಬಾಡಿಗೆಗೆ, ಊಟಕ್ಕೆ, ಪುಸ್ತಕಕ್ಕೆ ವಿದ್ಯಾರ್ಥಿಯ ಕೈಯಲ್ಲೇ ಉಳಿಯುತ್ತದೆ. ಯಾವುದೇ ರಾಜ್ಯದ ಉಚಿತ ಯೋಜನೆಯ ಜಾಹೀರಾತು ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಮೊದಲ ಡಾಲರೋ, ಕೊನೆಯ ಡಾಲರೋ? ನನ್ನ ಮಟ್ಟಿಗೆ ಬಡವರ ಪಾಲಿಗೆ ನೆರವೆನಿಸುವುದು ಮೊದಲನೆಯದು. ಪೆಲ್ ಸಿಗುವುದು ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವು ವರ್ಗದವರಿಗೆ. ಎಚ್-4, ಎಫ್-1ದವರಿಗೆ ಇಲ್ಲ.

ಇನ್ನು ವ್ಯರ್ಥವಾಗುವ ಯೂನಿಟ್‌ಗಳ ವಿಷಯ. ಹೆಚ್ಚು ಹಣ ಸೋರುವುದು ಇಲ್ಲೇ, ಮತ್ತು ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಮೊದಲನೆಯದು, ಸಾಲದ ಯೂನಿಟ್. ಹಣಕಾಸು ನೆರವಿನ ನಿಯಮದ ಪ್ರಕಾರ ಸೆಮಿಸ್ಟರಿಗೆ 12 ಯೂನಿಟ್ ಓದಿದರೆ ಪೂರ್ಣಾವಧಿ ವಿದ್ಯಾರ್ಥಿ. ಆದರೆ ಹನ್ನೆರಡರಂತೆ ನಾಲ್ಕು ಸೆಮಿಸ್ಟರ್ ಓದಿದರೆ ಆಗುವುದು 48, ಬೇಕಾದದ್ದು 60. ‘ಪೂರ್ಣಾವಧಿ’ ಎಂಬ ನೆಮ್ಮದಿಯಲ್ಲೇ ಮೂರನೇ ವರ್ಷ ಎದುರಾಗುತ್ತದೆ. ಸೆಮಿಸ್ಟರಿಗೆ 15, ಇಲ್ಲವೇ ಬೇಸಿಗೆಯಲ್ಲಿ ಒಂದೆರಡು ಕೋರ್ಸು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ದುಡಿಯುತ್ತಾ ಓದುವವರಿಗೆ ಇದು ಹೇಳಿದಷ್ಟು ಸುಲಭವಲ್ಲ, ಒಪ್ಪುತ್ತೇನೆ. ಆದರೂ ಹೆಚ್ಚುವರಿ ವರ್ಷದ ಬೆಲೆ ಆ ಹನ್ನೆರಡು ಯೂನಿಟ್‌ನ 552 ಡಾಲರಲ್ಲ. ಸ್ಯಾನ್ ಹೊಸೆ ಸುತ್ತಲಿನ ಬೇ ಏರಿಯಾದ ಒಂದು ವರ್ಷದ ಬಾಡಿಗೆ, ಜೊತೆಗೆ ಒಂದು ವರ್ಷ ತಡವಾಗುವ ಸಂಬಳ.

ಎರಡನೆಯದು, ತಪ್ಪು ಕೋರ್ಸು. ವರ್ಗಾವಣೆಗೆ ಲೆಕ್ಕಕ್ಕೆ ಬರುವ ಕೋರ್ಸು ಬೇರೆ, ನಿಮ್ಮ ಮೇಜರ್‌ಗೆ, ಅಂದರೆ ಮುಖ್ಯ ವಿಷಯಕ್ಕೆ, ಬೇಕಾದ ಕೋರ್ಸು ಬೇರೆ. ಕಂಪ್ಯೂಟರ್ ಸೈನ್ಸ್‌ಗೆ ಬರ್ಕ್ಲಿ ಕೇಳುವ ಗಣಿತ, ಡೇವಿಸ್ ಕೇಳುವುದು, ಸ್ಯಾನ್ ಹೊಸೆ ಸ್ಟೇಟ್ ಕೇಳುವುದು ಪೂರ್ತಿ ಒಂದೇ ಆಗಿರುವುದಿಲ್ಲ. ಯಾವ ಕಾಲೇಜಿನ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂಬುದನ್ನು ಅಸಿಸ್ಟ್ ಡಾಟ್ ಓಆರ್‌ಜಿ ಎಂಬ ಸಾರ್ವಜನಿಕ ಜಾಲತಾಣ ತೋರಿಸುತ್ತದೆ. ಕಾಲೇಜು ಸೇರಿದ ಮೊದಲ ವಾರದಲ್ಲೇ ಅದನ್ನು ತೆರೆದು ಕೂರಬೇಕು, ಎರಡನೇ ವರ್ಷದಲ್ಲಲ್ಲ. ಎಂಜಿನಿಯರಿಂಗ್‌ನಲ್ಲಿ ಕ್ಯಾಲ್ಕುಲಸ್, ಭೌತಶಾಸ್ತ್ರ ಒಂದರ ಬೆನ್ನಿಗೊಂದು ಸರಪಳಿಯಂತೆ ಬರುತ್ತವೆ. ಚಿಕ್ಕ ಕಾಲೇಜುಗಳಲ್ಲಿ ಕೆಲವು ಕೋರ್ಸುಗಳು ವರ್ಷಕ್ಕೊಮ್ಮೆ ಮಾತ್ರ. ಒಂದು ತಪ್ಪಿದರೆ ವರ್ಷವೇ ತಪ್ಪಿತು. ಕೌನ್ಸೆಲರ್ ಜೊತೆ ಕುಳಿತು ಶಿಕ್ಷಣ ಯೋಜನೆ ಬರೆಸಿಟ್ಟವರಿಗೆ ನೋಂದಣಿಯಲ್ಲಿ ಮುಂಚಿನ ಸರದಿ ಸಿಗುತ್ತದೆ. ಸೀಟು ಸಿಗದೆ ಒಂದು ಸೆಮಿಸ್ಟರ್ ಕಳೆದುಕೊಳ್ಳುವುದಕ್ಕಿಂತ ಆ ಅರ್ಧ ಗಂಟೆ ಮೇಲು.

ವರ್ಗಾವಣೆಗೆ ಖಾತರಿಗಳೂ ಇವೆ. 2010ರ ಎಸ್‌ಬಿ 1440 ಕಾಯ್ದೆಯ ವರ್ಗಾವಣೆ ಪದವಿ ಪಡೆದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ ವ್ಯವಸ್ಥೆಯಲ್ಲಿ ಸೀಟು ಖಚಿತ, ಕೇಳಿದ ಕ್ಯಾಂಪಸ್‌ನಲ್ಲೇ ಎಂದೇನಲ್ಲ. ಯುಸಿಯಲ್ಲಿ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್ ಈ ಆರು ಕ್ಯಾಂಪಸ್‌ಗಳು ಷರತ್ತಿನ ಮೇಲೆ ಪ್ರವೇಶದ ಒಪ್ಪಂದ ಮಾಡಿಕೊಳ್ಳುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಆ ಪಟ್ಟಿಯಲ್ಲಿಲ್ಲ.

ಮೂರನೆಯದು, ಅರ್ಧಕ್ಕೆ ಬಿಡುವ ಕೋರ್ಸು. ಪೂರ್ಣ ಸೆಮಿಸ್ಟರಿನ ಕೋರ್ಸನ್ನು ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ ಬಿಟ್ಟರೆ ಶುಲ್ಕ ವಾಪಸು. ಆಮೇಲೆ ಬಿಟ್ಟರೆ ಹಣವೂ ಹೋಯಿತು, ಅಂಕಪಟ್ಟಿಯಲ್ಲಿ ಡಬ್ಲ್ಯೂ ಎಂಬ ಅಕ್ಷರವೂ ಬಿತ್ತು. ಅದೂ ಒಂದು ಪ್ರಯತ್ನವೆಂದೇ ಲೆಕ್ಕ. ಸಾಮಾನ್ಯವಾಗಿ ಒಂದು ಕೋರ್ಸಿಗೆ ಮೂರೇ ಪ್ರಯತ್ನ. ತರಗತಿಗೆ ಹೋಗುವುದನ್ನು ನಿಲ್ಲಿಸಿದರೆ ತಾನಾಗಿಯೇ ಹೆಸರು ಹೋಗುತ್ತದೆ ಎಂದುಕೊಂಡು ಎಫ್ ಗ್ರೇಡು ಕಟ್ಟಿಕೊಳ್ಳುವವರೂ ಇದ್ದಾರೆ.

ಪುಸ್ತಕದ ಖರ್ಚು ಕೆಲವೊಮ್ಮೆ ಯೂನಿಟ್ ಶುಲ್ಕವನ್ನೇ ಮೀರಿಸುತ್ತದೆ. ಹಳೇ ಪುಸ್ತಕ ಕೊಳ್ಳೋಣವೆಂದರೆ ಹೋಂವರ್ಕ್ ಮಾಡಲು ಪ್ರಕಾಶಕರ ಆ್ಯಕ್ಸೆಸ್ ಕೋಡ್ ಬೇಕಿರುತ್ತದೆ. ಒಬ್ಬರು ಬಳಸಿದ ಕೋಡು ಇನ್ನೊಬ್ಬರಿಗೆ ನಡೆಯುವುದಿಲ್ಲ. ಇದಕ್ಕೆ ಮದ್ದು ಕೋರ್ಸು ಆರಿಸುವಾಗಲೇ ಇದೆ. 2016ರ ಎಸ್‌ಬಿ 1359 ಕಾಯ್ದೆಯ ಪ್ರಕಾರ, ಪುಸ್ತಕದ ಖರ್ಚಿಲ್ಲದ ತರಗತಿಗಳನ್ನು ವೇಳಾಪಟ್ಟಿಯಲ್ಲಿ ಗುರುತು ಹಾಕಿ ತೋರಿಸಬೇಕು. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪುಸ್ತಕಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಅವನ್ನು ಬಳಸುವ ಅಧ್ಯಾಪಕರು ಈಗ ಕಡಿಮೆಯೇನಿಲ್ಲ.

ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಕೋರ್ಸು ಓದುವ ಡ್ಯುಯಲ್ ಎನ್‌ರೋಲ್‌ಮೆಂಟ್ ನಮ್ಮ ತಂದೆತಾಯಿಗಳಿಗೆ ಬಹಳ ಪ್ರಿಯ, ಕಾರಣವೂ ಇದೆ. 11 ಯೂನಿಟ್‌ವರೆಗೆ ಹೈಸ್ಕೂಲ್ ವಿದ್ಯಾರ್ಥಿಗಳ ಯೂನಿಟ್ ಶುಲ್ಕವನ್ನು ಬಹುತೇಕ ಕಾಲೇಜುಗಳು ಬಿಟ್ಟುಕೊಡುತ್ತವೆ. ಕಾಲೇಜು ಕ್ರೆಡಿಟ್‌ಗಾಗಿ ಹೈಸ್ಕೂಲಿನಲ್ಲಿ ಬರೆಯುವ ಎಪಿ ಪರೀಕ್ಷೆಗೆ ಒಂದೊಂದಕ್ಕೂ ನೂರರ ಹತ್ತಿರ ಡಾಲರ್ ಕಟ್ಟುವ ಬದಲು ಇಲ್ಲಿ ನೇರವಾಗಿ ಕ್ರೆಡಿಟ್ಟೇ ಸಿಗುತ್ತದೆ. ಆದರೆ ಪುಕ್ಕಟೆ ಎಂದು ಹದಿನಾಲ್ಕು ವರ್ಷದ ಹುಡುಗನನ್ನು ಕ್ಯಾಲ್ಕುಲಸ್‌ಗೆ ನೂಕುವ ಉತ್ಸಾಹಕ್ಕೆ ಒಂದು ಎಚ್ಚರಿಕೆ. ಎಪಿ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಅದನ್ನು ಯಾರಿಗೂ ಕಳಿಸದೆ ಇರಬಹುದು. ಕಾಲೇಜಿನ ಗ್ರೇಡು ಶಾಶ್ವತ. ಅದು ಮುಂದೆ ಮೆಡಿಕಲ್ ಸ್ಕೂಲಿನ ಅರ್ಜಿಯವರೆಗೂ ಬೆನ್ನು ಹತ್ತುತ್ತದೆ.

ತೆರಿಗೆಯ ಕಡೆಯಿಂದ ಅಮೆರಿಕನ್ ಆಪರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್ ಇದೆ. ಮೊದಲ 2 ಸಾವಿರ ಡಾಲರ್ ಖರ್ಚು ಪೂರ್ತಿ, ಮುಂದಿನ 2 ಸಾವಿರದ ಕಾಲುಭಾಗ, ಒಟ್ಟು ಗರಿಷ್ಠ 2,500 ಡಾಲರ್ ತೆರಿಗೆಯಲ್ಲಿ ಕಳೆಯುತ್ತದೆ. ಶುಲ್ಕ 1,380, ಪುಸ್ತಕ 620 ಎಂದಿಟ್ಟುಕೊಂಡರೆ ಕೊಟ್ಟ ಎರಡು ಸಾವಿರವೂ ಮರಳಿದ ಹಾಗೆ. ಗ್ರಾಂಟ್‌ನಿಂದ ಕಟ್ಟಿದ ಹಣಕ್ಕೆ ಅನ್ವಯಿಸದು. ಕನಿಷ್ಠ ಅರ್ಧಾವಧಿ ಓದುತ್ತಿರಬೇಕು. ದಂಪತಿಯ ಆದಾಯ 1 ಲಕ್ಷ 60 ಸಾವಿರ ದಾಟಿದರೆ ಇದು ಕರಗತೊಡಗಿ 1 ಲಕ್ಷ 80 ಸಾವಿರಕ್ಕೆ ಮಾಯವಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರಿನಲ್ಲಿರುವ ಮನೆಯವರು ಇದನ್ನು ಮರೆಯಬಹುದು. 2026ರ ತೆರಿಗೆ ವರ್ಷದಿಂದ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಬೇಕೇ ಬೇಕು. ಅದಿಲ್ಲದ ಎಚ್-4 ಮಕ್ಕಳಿಗೆ ಈ ಬಾಗಿಲು ಮುಚ್ಚಿತು. ಒಬ್ಬ ವಿದ್ಯಾರ್ಥಿಗೆ ನಾಲ್ಕೇ ವರ್ಷ ಈ ಸೌಲಭ್ಯ. ಓದು ಐದು ವರ್ಷಕ್ಕೆ ಹೋಗುವ ಸಾಧ್ಯತೆಯಿದ್ದರೆ, ಖರ್ಚು ಕಡಿಮೆಯಿರುವ ಕಮ್ಯೂನಿಟಿ ಕಾಲೇಜಿನ ಒಂದು ವರ್ಷ ಬಿಟ್ಟು, ಯುಸಿಯ ದುಬಾರಿ ವರ್ಷಗಳಿಗೆ ಅದನ್ನು ಉಳಿಸಿಕೊಳ್ಳುವುದು ಜಾಣತನ.

ಮೈಸೂರು, ಹುಬ್ಬಳ್ಳಿ, ಮಂಗಳೂರಿನಿಂದ ನೇರವಾಗಿ ಎಫ್-1 ವೀಸಾದಲ್ಲಿ ಹೋಗುವವರಿಗೆ ಮೇಲಿನ ರಿಯಾಯಿತಿಗಳಲ್ಲಿ ಹೆಚ್ಚಿನವು ಅನ್ವಯಿಸುವುದಿಲ್ಲ. ಯೂನಿಟ್‌ಗೆ ಸುಮಾರು 400 ಡಾಲರ್ ಎಂದರೂ ವರ್ಷಕ್ಕೆ 12 ಸಾವಿರ, ಮೇಲೆ ಆರೋಗ್ಯ ವಿಮೆ, ಬಾಡಿಗೆ. ಸೆಮಿಸ್ಟರಿಗೆ 12 ಯೂನಿಟ್ ಕಡ್ಡಾಯ, ಅದರಲ್ಲಿ ಆನ್‌ಲೈನ್ ಕೋರ್ಸು ಒಂದೇ ಲೆಕ್ಕಕ್ಕೆ ಬರುತ್ತದೆ. ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯ ಕೆಲಸವಷ್ಟೇ. ವಿಶ್ವವಿದ್ಯಾಲಯದ ಮೊದಲೆರಡು ವರ್ಷಗಳಿಗೆ ಹೋಲಿಸಿದರೆ ಇದೂ ಉಳಿತಾಯವೇ ಹೌದು. ಆದರೆ ವರ್ಗವಾದ ಮೇಲಿನ ಎರಡು ವರ್ಷ ಯುಸಿಯ ಹೊರದೇಶದವರ ದರವನ್ನು ಪೂರ್ತಿ ಕಟ್ಟಬೇಕು, ಅದು ಹಲವು ಪಟ್ಟು. ಏಜೆಂಟರು ತೋರಿಸುವ ಕಾಗದದಲ್ಲಿ ಮೊದಲೆರಡು ವರ್ಷದ ಅಂಕಿಗಳಷ್ಟೇ ಇದ್ದರೆ, ನಾಲ್ಕು ವರ್ಷದ ಲೆಕ್ಕ ಬರೆದುಕೊಡಿ ಎಂದು ಕೇಳಿ. ಸಾಲ ಮಾಡಬೇಕಾದದ್ದು ನಾಲ್ಕು ವರ್ಷಕ್ಕೆ.

ಅಮೆರಿಕದಲ್ಲೇ ಇದ್ದು ನೆರವಿಗೆ ಅರ್ಹರಾದವರು ಕೇಂದ್ರ ಸರ್ಕಾರದ ಹಣಕಾಸು ನೆರವಿನ ಫಾಫ್ಸಾ ಅರ್ಜಿಯನ್ನು ತಪ್ಪದೆ ತುಂಬಬೇಕು, ಆದಾಯ ಹೆಚ್ಚಿದೆ ಎಂದು ಅನ್ನಿಸಿದರೂ. ಹಲವು ಕಾಲೇಜುಗಳ ಎರಡು ವರ್ಷದ ಉಚಿತ ಯೋಜನೆಗೂ ಅದೇ ಕೀಲಿಕೈ. ರಾಜ್ಯದ ನೆರವಾದ ಕ್ಯಾಲ್ ಗ್ರಾಂಟ್‌ಗೆ ಸಾಮಾನ್ಯ ಗಡುವು ಮಾರ್ಚ್ 2. ಅದು ತಪ್ಪಿದ ಕಮ್ಯೂನಿಟಿ ಕಾಲೇಜು ವಿದ್ಯಾರ್ಥಿಗಳಿಗೆ ಮಾತ್ರ ಸೆಪ್ಟೆಂಬರ್ 2ರ ಇನ್ನೊಂದು ಅವಕಾಶವಿದೆ. ಫಾಫ್ಸಾ ತುಂಬಲು ಸರ್ಕಾರ ಹಣ ಕೇಳುವುದಿಲ್ಲ. ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.